ಕೈ ಮಾಡಿದಲ್ಲಿ ನಿಲ್ಲುತ್ತಿದ್ದ ಗಾಡಿ

ನಿಮ್ಮ ಊರಿನ ಕ್ರಾಸಿನಲ್ಲಿ ನೀವು ಕೈ ಮಾಡಿದಾಗ ಬಸ್ಸು ನಿಲ್ಲಿಸಿ ಹತ್ತಿಸಿಕೊಂಡ ಚಾಲಕರಲ್ಲಿ ಒಬ್ಬರ ಮುಖವಾದರೂ ನಿಮಗೆ ನೆನಪಿದೆಯೆ?

ಅವಸರದಲ್ಲಿ ಉತ್ತರಿಸಬೇಡಿ. ನಿಲ್ಲಿಸದೆ ಹೋದವರು ನಮಗೆಲ್ಲ ನೆನಪಿದ್ದಾರೆ. ಅವರನ್ನು ಬೈದ ಮಾತುಗಳೂ ನೆನಪಿವೆ. ನಿಲ್ಲಿಸಿದವರ ವಿಷಯದಲ್ಲಿ ಮಾತ್ರ ನಮ್ಮ ಸ್ಮೃತಿ ಕೈಕೊಡುತ್ತದೆ. ಈ ಮರೆವು ಸಹಜವೆಂದು ಒಪ್ಪಲು ನಾನು ಸಿದ್ಧನಿಲ್ಲ. ಅದರ ಮೇಲೆ ನನಗೆ ಗುಮಾನಿಯಿದೆ. ಆ ಗುಮಾನಿ ನನ್ನಲ್ಲಿ ಹುಟ್ಟಲು ಕಾರಣರಾದ ಹಿರಿಯರೊಬ್ಬರು ಈ ಬೇಸಿಗೆಯಲ್ಲಿ ತೀರಿಕೊಂಡರು.

ಅವರು ಸರಕಾರಿ ಬಸ್ಸಿನ ಚಾಲಕರಾಗಿದ್ದವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇವುಗಳ ನಡುವಿನ ರಸ್ತೆಗಳಲ್ಲೇ ಅವರ ಸೇವಾವಧಿಯೆಲ್ಲ ಕಳೆಯಿತು. ಊರಿನವರ ಬಾಯಲ್ಲಿ ಅವರು ಡ್ರೈವರ್ ಕಾಕಾ. ಅವರ ಪತ್ನಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದರು. ಆದ್ದರಿಂದ ಎಲ್ಲರಿಗೂ ಅಕ್ಕೋರು. ಹೆಚ್ಚುಕಡಿಮೆ ಒಂದೇ ಕಾಲಕ್ಕೆ ನಿವೃತ್ತರಾದ ಈ ದಂಪತಿಗೆ ಬಾಗೇವಾಡಿಯಲ್ಲಿ ಸ್ವಂತ ಮನೆಯಿತ್ತು, ಮುದ್ದೇಬಿಹಾಳದಲ್ಲಿ ಮದುವೆಯಾಗಿ ನೆಮ್ಮದಿಯಿಂದಿದ್ದ ಮಗಳಿದ್ದಳು.

ಅವರ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಓದುಗರಲ್ಲಿ ಹಲವರು ಒಳಗೊಳಗೇ ‘ಯಾರ ಪೈಕಿ?’ ಎಂದು ಕೇಳಿಕೊಳ್ಳುತ್ತಾರೆ. ಅದಕ್ಕೊಂದು ಉತ್ತರ ಸಿಕ್ಕಿತೆಂದರೆ ಮುಂದಿನ ಪ್ರತಿ ವಾಕ್ಯವನ್ನೂ ಆ ಉತ್ತರದ ಮೂಲಕವೇ ಓದುತ್ತಾರೆ. ಅವರು ಲಿಂಗಾಯತರೋ, ಮುಸಲ್ಮಾನರೋ, ಮತ್ತಾರೋ ಎಂಬುದು ತಿಳಿಯದೆ ಓದಲು ನಿಮಗೆ ಮುಜುಗರವಾದರೆ, ಆ ಮುಜುಗರವನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ ಎಂದಷ್ಟೇ ಕೋರುತ್ತೇನೆ.

ನನಗೆ ಅವರ ಪರಿಚಯವಾದದ್ದು ನಮ್ಮ ಚರ್ಚಾಕೂಟದಲ್ಲಿ. ಭಾನುವಾರ ಬೆಳಿಗ್ಗೆ ಶಾಲೆಯೊಂದರ ಕೋಣೆಯಲ್ಲಿ ನಾವು ಕೆಲವರು ಸೇರುತ್ತೇವೆ. ವಾದಿಸಲು ಕಲಿತ ಊರು ಹೊಡೆದಾಡುವುದಿಲ್ಲ ಎಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳ ಕಾಲದಿಂದ ನಾನು ಬಿಡದೆ ಹಿಡಿದ ನಂಬಿಕೆ. ಕೂಟಕ್ಕೆ ಒಂದೇ ನಿಯಮ: ಅಡ್ಡಹೆಸರು, ಜಾತಿ, ಮತ ಯಾವುದನ್ನೂ ಹೇಳದೆ, ಊರು ಮತ್ತು ಉದ್ಯೋಗವನ್ನಷ್ಟೇ ಹೇಳಿ ಮಾತು ಆರಂಭಿಸಬೇಕು. ಈ ನಿಯಮವನ್ನು ಕೂಟದ ಹೊರಗೂ ಪಾಲಿಸಿದವರು, ನನಗೆ ತಿಳಿದಮಟ್ಟಿಗೆ, ಡ್ರೈವರ್ ಕಾಕಾ ಒಬ್ಬರೇ. ‘ಯಾರ ಪೈಕಿ?’ ಎಂದು ಯಾರಾದರೂ ಕೇಳಿದರೆ ‘ಡ್ರೈವರ್ ಪೈಕಿ’ ಎಂದುಬಿಡುತ್ತಿದ್ದರು. ಕೇಳಿದವರು ನಗುತ್ತಿದ್ದರು, ಇಲ್ಲವೇ ಮುಖ ಗಂಟಿಕ್ಕುತ್ತಿದ್ದರು.

ಅವರು ಹಿಂದಿನ ಬೆಂಚಿನಲ್ಲಿ ಕಾಲು ಚಾಚಿ ಕುಳಿತಿರುತ್ತಿದ್ದರು. ಹೆಗಲ ಮೇಲಿನ ಟವೆಲ್ ಅನ್ನು ಆಗಾಗ ಸರಿಪಡಿಸಿಕೊಳ್ಳುವುದು, ಬಾಗಿಲ ಬಳಿ ಯಾರಾದರೂ ನಿಂತರೆ ಸರಿದು ಜಾಗ ಮಾಡಿಕೊಡುವುದು ಅವರ ಅಭ್ಯಾಸ. ಒಮ್ಮೆ ನಾನು ಬಾಲ್ಯವಿವಾಹದ ವಿರುದ್ಧ ಬಹಳ ಹೊತ್ತು ಮಾತಾಡಿ, ಬೆವರು ಒರೆಸಿಕೊಂಡು ಕುಳಿತೆ. ಅವರು ಎದ್ದು ನಿಂತರು.

“ಸರ, ನಿಮ್ಮ ಮಾತ ಭಾಳ ಛಲೋ ಐತಿ. ಆದ್ರ ನಡುವ ಒಂದೊಂದ ಸ್ಟಾಪ ಕೊಡ್ರಿ. ಇಳಿಯೋರು ಇಳೀಲಿ, ಹತ್ತೋರು ಹತ್ತಲಿ. ಇಲ್ಲಾಂದ್ರ ಡಿಪೋ ಮುಟ್ಟೂದ್ರಾಗ ಗಾಡ್ಯಾಗ ನೀವೊಬ್ರ ಉಳೀತೀರಿ.”

ಕೂಟವೆಲ್ಲ ನಕ್ಕಿತು. ನಾನೂ ನಕ್ಕೆ, ಒಳಗೆ ಸ್ವಲ್ಪ ನೊಂದುಕೊಂಡೇ.

ನಿವೃತ್ತಿಯ ನಂತರ ಅವರು ಖಾಸಗಿ ಶಾಲೆಯೊಂದು ಮಾರಾಟಕ್ಕಿಟ್ಟಿದ್ದ ಹಳೆಯ ಹಳದಿ ವ್ಯಾನನ್ನು ಕೊಂಡರು. ಸೀಟು ಕೀಳಿಸಿ ಹಲಗೆಯ ಮಂಚ ಹಾಕಿಸಿದರು. ಒಂದು ಮೂಲೆಯಲ್ಲಿ ಗ್ಯಾಸಿನ ಒಲೆ, ಇನ್ನೊಂದು ಮೂಲೆಯಲ್ಲಿ ನೀರಿನ ಡ್ರಮ್ಮು, ಕಿಟಕಿಗಳಿಗೆ ಅಕ್ಕೋರ ಹಳೆಯ ಇಳಕಲ್ ಸೀರೆಗಳನ್ನು ಹೊಲಿದು ಮಾಡಿದ ಪರದೆ. ಬಣ್ಣ ಬಳಿಯುವವನು ಹಿಂಬದಿಯ ‘ಶಾಲಾ ವಾಹನ’ ಎಂಬ ಅಕ್ಷರಗಳ ಮೇಲೆ ಕುಂಚ ಎತ್ತಿದಾಗ ಅಕ್ಕೋರು ತಡೆದರು.

“ಅದನ್ಯಾಕ ಅಳಸ್ತೀಯೋ ತಮ್ಮಾ? ನಾ ಇದ್ದಲ್ಲಿ ಸಾಲಿನ ಐತಿ.”

ಅಕ್ಷರಗಳು ಉಳಿದವು. ಊರಿನ ಗುಮಾನಿ ಅಲ್ಲಿಂದ ಆರಂಭವಾಯಿತು.

ಚಹಾದಂಗಡಿಯಲ್ಲಿ ಕೇಳಿದ್ದನ್ನು ಹೇಳುತ್ತೇನೆ. “ಮನಿ ಇದ್ದೋರು ಗಾಡ್ಯಾಗ ಯಾಕ ಮಲಗ್ತಾರ್ರಿ? ಏನೋ ಐತಿ.” “ಪರದೆ ಯಾಕ ಹಾಕ್ಯಾರ? ಏನೋ ಐತಿ.” “ಮಗಳ ಮನಿಗೆ ಹೋಗಾಕ ಬಸ್ ಇಲ್ಲೇನ? ಏನೋ ಐತಿ.” ಈ ‘ಏನೋ ಐತಿ’ ಎಂಬ ಎರಡು ಪದಗಳ ಮುಂದೆ ನನ್ನ ಚರ್ಚಾಶಿಕ್ಷಣವೆಲ್ಲ ನಿಷ್ಫಲ. ಇಂತಹದ್ದು ಇದೆ ಎಂದು ಹೇಳಿದರೆ ಖಂಡಿಸಬಹುದು. ಏನೋ ಇದೆ ಎನ್ನುವವರನ್ನು ಖಂಡಿಸುವುದು ಹೇಗೆ? ನಾನಾದರೂ ಬೇರೆ ಬಗೆಯಲ್ಲಿ ಕಾಕಾ ಅವರನ್ನು ತಡೆದು ಕೇಳಿದವನೇ. ಆರೋಗ್ಯವೂ ಬಿಡುವೂ ಇರುವ ಹಿರಿಯರು ವಿಹಾರ ಬಿಟ್ಟು ಸಮಾಜಸೇವೆಗೆ ಇಳಿಯಬೇಕಲ್ಲವೆ ಎಂದು ವಾದ ಹೂಡಿದೆ.

“ಸರ, ಇಷ್ಟ ವರ್ಷ ಗಾಡಿ ಹೊಡದೆ. ಒಂದ ಊರಾಗೂ ಇಳದ ನೋಡಿಲ್ಲ. ಸ್ಟ್ಯಾಂಡ ನೋಡೇನಿ, ಕಂಟ್ರೋಲರನ ಮಾರಿ ನೋಡೇನಿ. ಊರ ನೋಡಿಲ್ಲ. ಈಗ ನೋಡತೇನಿ, ಬಿಡ್ರಿ.”

ಅಕ್ಕೋರ ಕಾರಣ ಇನ್ನೂ ಸರಳವಾಗಿತ್ತು. ಮೈಸೂರಿನ ಅರಮನೆಯ ಪಾಠವನ್ನು ಅವರು ಪುಸ್ತಕದ ಚಿತ್ರ ತೋರಿಸಿಯೇ ಮಕ್ಕಳಿಗೆ ಹೇಳುತ್ತ ಬಂದಿದ್ದರು. “ಕಾಣದ್ದನ್ನ ಕಂಡೋರ ಹಂಗ ಹೇಳೇನ್ರಿ. ಒಮ್ಮೆ ನೋಡಿ ಬರಬೇಕು, ನಾ ಹೇಳಿದ್ದ ಖರೇನೋ ಸುಳ್ಳೋ ಅಂತ.”

ಮೊದಲ ಪ್ರವಾಸ ಹೊರಟದ್ದು ಚುನಾವಣೆಯ ಹೊತ್ತಿನಲ್ಲಿ. ದಾರಿಯ ತಪಾಸಣಾ ಠಾಣೆಯೊಂದರಲ್ಲಿ ಪರದೆಯ ಗಾಡಿ ಕಂಡ ಸಿಬ್ಬಂದಿಗೆ ಹಬ್ಬವಾಯಿತು. ಗಾದಿ ಎತ್ತಿದರು, ತಲೆದಿಂಬು ಹಿಸುಕಿದರು. ಮಂಚದ ಕೆಳಗೆ ಬಟ್ಟೆಯಲ್ಲಿ ಕಟ್ಟಿದ ದೊಡ್ಡ ಗಂಟು ಸಿಕ್ಕಿತು.

“ಇದೇನು?”

“ರೊಟ್ಟಿ.”

“ಇಷ್ಟು ರೊಟ್ಟಿ ಯಾರಿಗೆ? ಬಿಚ್ಚಿ.”

“ಬಿಚ್ಚತೇನಿ. ಆದ್ರ ಕಡಕ್ ಅದಾವು, ಮುರದ್ರ ನೀವ ತಿನ್ನಬೇಕಾಗತೈತಿ,” ಎಂದರಂತೆ ಅಕ್ಕೋರು. ಮುರಿದವು. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯೂ ತೆರೆಯಿತು. ಸಿಬ್ಬಂದಿ ಜೀಪಿಗೆ ಒರಗಿ ನಿಂತು ತಿಂದರು, ನೀರು ಕುಡಿದರು, ಆದರೂ ಹೊರಡುವ ಮುನ್ನ ಡ್ರಮ್ಮಿನೊಳಗೆ ಟಾರ್ಚು ಹಾಕಿ ನೋಡಿದರು. ತಿಂದ ಬಾಯಿಂದಲೇ ‘ಏನೋ ಇದೆ’ ಎಂದರೆಂದು ಕಾಕಾ ಕೂಟದಲ್ಲಿ ವರ್ಣಿಸಿ ನಗಿಸಿದರು.

ಮೈಸೂರಿನ ಕಥೆಗಳು ಇದಕ್ಕಿಂತ ಸ್ವಾರಸ್ಯವಾಗಿದ್ದವು. ಮಾರುಕಟ್ಟೆಯ ಹತ್ತಿರ ಮಲ್ಲಿಗೆ ಮಾರುವ ಹೆಂಗಸಿನೊಡನೆ ಕಾಕಾ ದರ ವಿಚಾರಿಸಿದರೆ ಆಕೆ ಹೆದರಿ ಬುಟ್ಟಿ ಹಿಂದಕ್ಕೆಳೆದುಕೊಂಡಳಂತೆ.

“ಯಾಕ್ ಯಜಮಾನ್ರೆ ಜಗಳಕ್ಕೆ ಬರ್ತೀರಾ? ಬೇಡ ಅಂದ್ರೆ ಬಿಡಿ.”

“ಜಗಳ ಯಾರ ಮಾಡಾಕತ್ತಾರವ್ವಾ? ಒಂದ ಮಾರು ಎಷ್ಟಂತ ಕೇಳಾಕತ್ತೇನಿ!”

ಅಕ್ಕೋರು ನಡುವೆ ಬಂದು ಪಾಠದ ಕನ್ನಡದಲ್ಲಿ, ಒಂದೊಂದೇ ಪದವನ್ನು ಬಿಡಿಸಿ, “ತಾಯಿ, ನಾವು ಜಗಳವಾಡುತ್ತಿಲ್ಲ, ನಮ್ಮ ಭಾಷೆಯೇ ಹೀಗೆ,” ಎಂದು ಹೇಳಿದ ಮೇಲೆ ಆಕೆ ನಕ್ಕಳು. ಅಂದು ಗಾಡಿ ನಿಲ್ಲಿಸಲು ತನ್ನ ಮನೆಯ ಮುಂದಿನ ಜಾಗವನ್ನು ತೋರಿಸಿದವಳೂ ಆಕೆಯೇ.

ಗುಮಾನಿ ಒಂದೇ ಕಡೆಯದಾಗಿರಲಿಲ್ಲ ಎಂಬುದನ್ನೂ ನ್ಯಾಯದೃಷ್ಟಿಯಿಂದ ಹೇಳಬೇಕು. ಮೈಸೂರಿನ ಹೋಟೆಲಿನಲ್ಲಿ ಸಾರು ಸಿಹಿಯಾಗಿತ್ತೆಂದು ಕಾಕಾ ಬಟ್ಟಲನ್ನು ಬಹಳ ಹೊತ್ತು ನೋಡಿದರಂತೆ. “ಸಾರಿನಾಗ ಬೆಲ್ಲಾ ಹಾಕ್ಯಾರಂದ್ರ ಏನ ಮುಚ್ಚಾಕತ್ತಾರ ಇವರು?” ಎಂದು ಪತ್ನಿಯ ಕಿವಿಯಲ್ಲಿ ಕೇಳಿದರಂತೆ. ಅಕ್ಕೋರು ಅರಮನೆಯೊಳಗೆ ಹೋಗಿ, ಕಂಬ ಮುಟ್ಟಿ, ಗೋಡೆ ಮುಟ್ಟಿ, ಕಾವಲಿನವನಿಂದ ಬೈಸಿಕೊಂಡು, ತಾವು ಮಕ್ಕಳಿಗೆ ಹೇಳಿದ್ದು ನಿಜವೇ ಎಂದು ಖಚಿತಪಡಿಸಿಕೊಂಡು ಬಂದರು. ಕಾಕಾ ಒಳಗೆ ಹೋಗಲೇ ಇಲ್ಲ.

“ಮತ್ತ ನೀವೇನ ನೋಡಿದ್ರಿ ಮೈಸೂರಾಗ?” ಎಂದು ಕೂಟದಲ್ಲಿ ಯಾರೋ ಕೇಳಿದರು.

“ಬಸ್ ಸ್ಟ್ಯಾಂಡ ನೋಡ್ದೆ. ಅಷ್ಟ ಇಕ್ಕಟ್ಟಿನಾಗ ರಿವರ್ಸ್ ತಗೋತಾರಪಾ, ಏನ ಹೇಳೂದು! ಸಂಜೀತನಾ ನಿಂತ ನೋಡ್ದೆ.”

“ಅರಮನಿ ದೀಪಾನಾದ್ರೂ ನೋಡ್ರಿ ಅಂತ ಎಳಕೊಂಡ ಹೋದೆ,” ಎಂದರು ಅಂದು ಜೊತೆಗೆ ಬಂದಿದ್ದ ಅಕ್ಕೋರು. “ದೀಪ ಹತ್ತಿದ ಕೂಡ್ಲೆ ಇವರೇನಂದ್ರು ಗೊತ್ತೇನ್ರಿ? ಈ ಮಂದಿ ಎಲ್ಲಾ ಮನಿಗೆ ಹ್ಯಾಂಗ ಹೋಗ್ತಾರ, ಬಸ್ ಬಿಟ್ಟಾರೋ ಇಲ್ಲೋ ಅಂತ!”

ಈ ಮನುಷ್ಯನನ್ನು ಅರಿಯಲು ಆ ಮಾತು ಸಾಕು ಎಂದು ಈಗ ಅನ್ನಿಸುತ್ತದೆ. ರಸ್ತೆಯ ಬದಿಯಲ್ಲಿ ಜನ ನಿಂತಿದ್ದರೆ ಅವರನ್ನು ಬಿಟ್ಟು ಮುಂದೆ ಸಾಗುವುದು ಅವರ ದೇಹಕ್ಕೇ ಒಗ್ಗುತ್ತಿರಲಿಲ್ಲ. ಒಮ್ಮೆ ಸಭೆಯೊಂದಕ್ಕಾಗಿ ನಾನು ಅವರ ವ್ಯಾನಿನಲ್ಲಿ ತಾಂಬಾಕ್ಕೆ ಹೋದೆ. ಪ್ರತಿ ಊರಿನ ನಿಲ್ದಾಣದಲ್ಲೂ ಗಾಡಿಯ ವೇಗ ತಾನಾಗಿ ತಗ್ಗುತ್ತಿತ್ತು. ಯಾರಾದರೂ ಕೈ ಮಾಡಿದರೆ ನಿಂತೇಬಿಡುತ್ತಿತ್ತು. ಮುದುಕಿಯರು, ಕಾಳಿನ ಚೀಲದವರು, ಶಾಲೆಗೆ ತಡವಾದ ಮಕ್ಕಳು ಎಲ್ಲರೂ ಹಲಗೆಯ ಮಂಚದ ಮೇಲೆ ಕುಳಿತು ಮುಂದಿನ ಊರಿಗೆ ಇಳಿದರು. ಯಾರಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ. ಸಭೆಗೆ ಹೊತ್ತಾಗುತ್ತಿದೆ ಎಂದು ನಾನು ಚಡಪಡಿಸಿದೆ.

“ಕಾಕಾ, ಇದು ಬಸ್ಸಲ್ಲ.”

“ನನಗ ಗೊತ್ತೈತ್ರಿ ಸರ. ಕಾಲಿಗೆ ಗೊತ್ತಿಲ್ಲ.”

ಅವರ ಕಾಲಿನ ಆ ಅಭ್ಯಾಸವೇ ಮುಂದಿನ ಅನಾಹುತಕ್ಕೆ ದಾರಿಯಾಯಿತು.

ಎರಡನೆಯ ಸಲ ಮೈಸೂರಿಗೆ ಹೊರಡುವ ಮೊದಲು ಅವರು ಸಿಂದಗಿ ಕಡೆಯ ನೆಂಟರನ್ನು ಕಂಡು ಬರಲು ಹೊರಟಿದ್ದರು. ಆ ದಿನಗಳಲ್ಲಿ ನಮ್ಮ ಜಿಲ್ಲೆಯ ಫೋನುಗಳಲ್ಲಿ ಒಂದು ಸಂದೇಶ ಸುತ್ತಾಡುತ್ತಿತ್ತು: ಶಾಲೆಯ ಗಾಡಿಯ ವೇಷದಲ್ಲಿ ಮಕ್ಕಳ ಕಳ್ಳರು ಬರುತ್ತಿದ್ದಾರೆ, ಎಚ್ಚರ. ಯಾರು ಬರೆದರು, ಯಾವ ಮಗು ಕಳೆದುಹೋಗಿದೆ, ಯಾವ ಊರಿನಲ್ಲಿ, ಒಂದೂ ಅದರಲ್ಲಿ ಇರಲಿಲ್ಲ. ಇಷ್ಟು ಖಾಲಿಯಾದ ಮಾತನ್ನು ಚರ್ಚೆಯಲ್ಲಿ ಆಡಿದವನನ್ನು ಕೂಟ ಕುಳ್ಳಿರಿಸುತ್ತಿತ್ತು. ಫೋನಿನಲ್ಲಿ ಆಡಿದರೆ ಊರೇ ಎದ್ದು ನಿಲ್ಲುತ್ತದೆ.

ಒಂದು ಕ್ರಾಸಿನಲ್ಲಿ ಹೆಣ್ಣುಮಕ್ಕಳು ಪಾಟಿಚೀಲ ಹೊತ್ತು ನಿಂತಿದ್ದರು. ಬಸ್ಸು ಬಂದಿರಲಿಲ್ಲ. ಕೈ ಮಾಡಿದರು. ಗಾಡಿ ನಿಂತಿತು. “ಹತ್ತ್ರಿ ಬಡಬಡ, ಪ್ರಾರ್ಥನಾ ಆಗಿಬಿಡತೈತಿ,” ಎಂದು ಕಾಕಾ ಬಾಗಿಲು ತೆರೆದರು. ಅಕ್ಕೋರು ಮಕ್ಕಳಿಗೆ ಶೇಂಗಾ ಉಂಡೆ ಕೊಟ್ಟು ಮಗ್ಗಿ ಹೇಳಿಸತೊಡಗಿದರು. ಹಿಂದಿನಿಂದ ಮೋಟರ್‌ಸೈಕಲ್ಲಿನಲ್ಲಿ ಬರುತ್ತಿದ್ದವನೊಬ್ಬ ಇದನ್ನು ಕಂಡ: ಪರದೆ ಹಾಕಿದ ಹಳದಿ ಗಾಡಿ, ಒಳಗೇರಿದ ಮಕ್ಕಳು, ತಿನ್ನಲು ಏನನ್ನೋ ಕೊಡುತ್ತಿರುವ ಕೈ. ಆತ ಮುಂದಿನ ಊರಿಗೆ ಫೋನು ಮಾಡಿದ. ಆ ಊರಿನ ಹೆಸರನ್ನೂ ನಾನು ಹೇಳುವುದಿಲ್ಲ. ಅದು ನಿಮ್ಮ ಊರೂ ಆಗಿರಬಹುದಿತ್ತು.

ಗಾಡಿ ಊರು ಮುಟ್ಟುವಷ್ಟರಲ್ಲಿ ರಸ್ತೆಗೆ ಅಡ್ಡವಾಗಿ ಟ್ರ್ಯಾಕ್ಟರ್ ನಿಂತಿತ್ತು. ಮುಂದಿನದನ್ನು ಅಕ್ಕೋರು ಹೇಳಿದಂತೆ ಬರೆಯುತ್ತೇನೆ.

“ಇಳೀ ಕೆಳಗ! ಯಾವೂರ ನಿಂದು?”

“ಬಾಗೇವಾಡಿ.”

“ಯಾರ ಪೈಕಿ?”

“ಡ್ರೈವರ್ ಪೈಕಿ.”

“ಏ, ಚಾಷ್ಟಿ ಮಾಡತಾನೋ ಇಂವ! ಹೆಸರ ಹೇಳವಲ್ಲ ನೋಡ್ರಿ. ಏನೋ ಐತಿ!”

ಯಾರೋ ಚಾವಿ ಕಿತ್ತುಕೊಂಡರು. ಯಾರೋ ಟವೆಲ್ ಹಿಡಿದು ಎಳೆದರು. ಅದು ಕೊರಳಿಗೆ ಬಿಗಿಯಿತು. ಒಂದು ಏಟು ಬಿತ್ತು, ಆಮೇಲೆ ಇನ್ನೊಂದು. ಒಳಗಿದ್ದ ಹುಡುಗಿಯರು “ನಾವ ಕೈ ಮಾಡಿ ಹತ್ತೇವ್ರಿ!” ಎಂದು ಕೂಗಿದರೆ, “ಮಂಪರ ಉಂಡಿ ತಿನಿಸ್ಯಾರ, ಅದಕ್ಕ ಹಂಗ ಅಂತಾವು” ಎಂದು ಉತ್ತರ ಬಂತು. ಆಗ ಅಕ್ಕೋರು ಗಾಡಿಯ ಮೆಟ್ಟಿಲ ಮೇಲೆ ನಿಂತು, ತರಗತಿಯಲ್ಲಿ ಕೂಗುವ ಧ್ವನಿಯಲ್ಲಿ, “ಗದ್ದಲ ಬಂದ್ ಮಾಡ್ರಿ! ಒಬ್ಬೊಬ್ರ ಮಾತಾಡ್ರಿ!” ಎಂದು ಗದರಿದರು. ಜನ ಒಂದು ಕ್ಷಣ ನಿಜವಾಗಿಯೂ ಸುಮ್ಮನಾದರಂತೆ. ಆ ಒಂದು ಕ್ಷಣದಲ್ಲಿ ಯಾರಾದರೂ ಶಾಲೆಗೆ ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಕೈಗಳೆಲ್ಲ ಫೋನು ಹಿಡಿದೇ ಇದ್ದವು, ಚಿತ್ರ ತೆಗೆಯಲು.

ಪೊಲೀಸರು ಬಂದರು, ಮುಖ್ಯೋಪಾಧ್ಯಾಯರು ಬಂದರು, ಮಕ್ಕಳ ಮಾತು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ನಿಜ ಗೊತ್ತಾಗಿ, ಊರಿನ ಹಿರಿಯರೊಬ್ಬರು ಚಹಾ ತರಿಸಿ, “ತಪ್ಪ ತಿಳಕೋಬ್ಯಾಡ್ರಿ, ಕಾಲ ಹಂಗ ಐತಿ,” ಎಂದು ಕಳುಹಿಸಿಕೊಟ್ಟರು.

ನಾನು ಸುದ್ದಿ ಕೇಳಿ ಓಡಿದಾಗ ಕಾಕಾ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಕೊರಳಿನ ಮೇಲೆ ಕೆಂಪು ಗೆರೆಯಿತ್ತು. ದೂರು ಕೊಡೋಣವೆಂದು ನಾನು ವಾದ ಆರಂಭಿಸಿದೆ. ಅವರು ಕೇಳಿಸಿಕೊಳ್ಳಲಿಲ್ಲ.

“ಅಲ್ರಿ ಸರ, ಅದು ನನ್ನ ರೂಟ. ಆ ಗುಂಪಿನಾಗ ನನ್ನ ಗಾಡಿ ಹತ್ತಿದೋರು ಭಾಳ ಮಂದಿ ಇದ್ರು. ನಾ ಗುರ್ತ ಹಿಡದೆ. ಅವರು ಹಿಡೀಲಿಲ್ಲ.”

“ಹೇಗೆ ಸಾಧ್ಯ?”

“ನಾ ಕನ್ನಡ್ಯಾಗ ಅವರ ಮಾರಿ ನೋಡತಿದ್ದೆ. ಅವರು ನನ್ನ ಬೆನ್ನ ನೋಡತಿದ್ರು. ಡ್ರೈವರನ ಮಾರಿ ಯಾರ ನೋಡತಾರ್ರಿ?”

ಈ ವಿವರಣೆಯನ್ನು ನಾನು ಪೂರ್ಣವಾಗಿ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಅಷ್ಟು ಜನರಲ್ಲಿ ಒಬ್ಬನಾದರೂ ಅವರನ್ನು ಗುರುತಿಸಿದ್ದ, ಗುರುತಿಸಿ ಬಾಯಿ ಮುಚ್ಚಿಕೊಂಡ ಎಂಬುದೇ ನನ್ನ ಗುಮಾನಿ. ಅದನ್ನು ಅವರಿಗೂ ಹೇಳಿದೆ.

“ಇರಬಹುದ್ರಿ. ಅಂವನೂ ಅದ ಊರಾಗ ಬಾಳ್ವಿ ಮಾಡಬೇಕಲಾ.”

ಅಪರಿಚಿತರ ಗಾಡಿಗೆ ಮಕ್ಕಳು ಹತ್ತುವುದು ಸರಿಯೇ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ನಾನು ಎಚ್ಚರಿಕೆಯ ವಿರೋಧಿಯಲ್ಲ. ತಂದೆತಾಯಿಗಳು ತಡೆಯಲಿ, ವಿಚಾರಿಸಲಿ, ಪೊಲೀಸರನ್ನು ಕರೆಯಲಿ. ಆದರೆ ವಿಚಾರಿಸುವುದಕ್ಕೂ ತೀರ್ಪು ಕೊಡುವುದಕ್ಕೂ ನಡುವೆ ಒಂದು ಅಂತರವಿದೆ. ಉತ್ತರ ಬರುವತನಕ ಕಾಯುವುದು ಆ ಅಂತರದ ಹೆಸರು. ಅಂದು ಕಳೆದುಹೋದದ್ದು ಅದೊಂದೇ.

ಅಕ್ಕೋರು ಪಟ್ಟು ಬಿಡಲಿಲ್ಲ. ಕೆಲವು ತಿಂಗಳ ನಂತರ ಎರಡನೆಯ ಸಲವೂ ಮೈಸೂರಿಗೆ ಹೋಗಿಬಂದರು. ಬೆಟ್ಟ ಹತ್ತಿದರು, ಮಲ್ಲಿಗೆಯ ಹೆಂಗಸಿನ ಮನೆಯಲ್ಲಿ ಉಂಡರು, ಅರಮನೆಯ ಒಳಗೂ ಈ ಸಲ ಕಾಕಾ ಹೋದರು. ಅಕ್ಕೋರು ನನಗೆ ಅದಾವುದನ್ನೂ ಹೆಚ್ಚು ವರ್ಣಿಸಲಿಲ್ಲ. ಹೇಳಿದ್ದು ಬೇರೆ.

“ಹೋಗಿ ಬರೂತನಾ ಎಲ್ಲೂ ನಿಲ್ಲಸಲಿಲ್ರಿ ಸರ. ಹೂವಿನ ಹಿಪ್ಪರಗಿ ಕಡೆ ಸಾಲಿ ಹುಡುಗೂರು ಕೈ ಮಾಡಿದ್ವು. ಮಾರಿ ಹೊಳ್ಳಿಸದ ಮುಂದ ಹೋದ್ರು. ಒಂದಿಷ್ಟ ದೂರ ಹೋಗಿ ಗಾಡಿ ಬಾಜೂಕ ಹಾಕಿ, ‘ಹಿಂದ ಬಸ್ ಬರಾಕತ್ತೈತಿ, ಕನ್ನಡ್ಯಾಗ ಕಾಣತೈತಿ, ಅವು ಅದಕ್ಕ ಹತ್ತತಾವು’ ಅಂದ್ರು. ನಾನೂ ಹೊಳ್ಳಿ ನೋಡ್ದೆ. ಯಾವ ಬಸ್ಸೂ ಇರಲಿಲ್ಲ.”

ಆ ಘಟನೆಯೇ ಅವರ ಪ್ರಾಣ ತೆಗೆಯಿತೆಂದು ನಾನು ವಾದಿಸುವುದಿಲ್ಲ. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಹೃದಯವೂ ದುರ್ಬಲವಾಗಿತ್ತು. ಸಾಕ್ಷ್ಯವಿಲ್ಲದ್ದನ್ನು ಹೇಳಿದರೆ ನಾನೂ ಆ ಗುಂಪಿನವನೇ ಆಗುತ್ತೇನೆ. ಮನೆಯಲ್ಲಿ, ಮಗಳು ಹತ್ತಿರವಿದ್ದಾಗ, ಅವರು ತೀರಿಕೊಂಡರು ಎಂಬುದಷ್ಟೇ ನಿಜ.

ದಿನಗಳು ಕಳೆದ ಮೇಲೆ ನಾನು ಅಕ್ಕೋರನ್ನು ಕಾಣಲು ಹೋದೆ. ಅವರು ಫೋನನ್ನು ನನ್ನ ಕಡೆ ಚಾಚಿದರು. ಇಂಡಿಯ ನೆಂಟರೊಬ್ಬರು, ಯಾರದ್ದೆಂದು ಗಮನಿಸದೆ, ಎಲ್ಲರಿಗೂ ಕಳುಹಿಸಿದ ವಿಡಿಯೊ ಅದು. ಹಳದಿ ಗಾಡಿ, ಅದರ ಮುಂದೆ ಕೈಮುಗಿದು ನಿಂತ ಮುದುಕ, ಕೊರಳಲ್ಲಿ ಬಿಗಿದ ಟವೆಲ್, ಮೆಟ್ಟಿಲ ಮೇಲೆ ಒಬ್ಬ ಹೆಂಗಸು. ಕೆಳಗೆ ಬರಹ: ‘ಮಕ್ಕಳ ಕಳ್ಳರು ನಮ್ಮ ಭಾಗದಲ್ಲಿ ತಿರುಗಾಡುತ್ತಿದ್ದಾರೆ, ಎಲ್ಲರಿಗೂ ಕಳಿಸಿ.’ ಪೊಲೀಸರು ಬಂದದ್ದು, ನಿಜ ತಿಳಿದದ್ದು, ಚಹಾ ಕೊಟ್ಟದ್ದು ಅದರಲ್ಲಿಲ್ಲ.

“ನೋಡ್ರಿ ಸರ,” ಎಂದರು ಅಕ್ಕೋರು, “ಇವರು ಇನ್ನೂ ತಿರಗಾಡಾಕತ್ತಾರಂತ.”

ಅವರು ಅಳಲಿಲ್ಲ. ಫೋನನ್ನು ಹಿಂದಕ್ಕೆ ತೆಗೆದುಕೊಂಡು ತೆರೆಯನ್ನು ಸೆರಗಿನಿಂದ ಒರೆಸಿದರು.

ನಾನು ಬಹಳ ಭಾಷಣ ಮಾಡಿದ್ದೇನೆ, ಇಲ್ಲಿ ಮಾಡುವುದಿಲ್ಲ. ಆ ವಿಡಿಯೊ ನಿಮಗೂ ಬಂದಿರಬಹುದು. ಇಂದೇ ನಿಮ್ಮ ಫೋನಿನಲ್ಲಿ ಹುಡುಕಿ, ಸಿಕ್ಕರೆ ಅಳಿಸಿ. ಕಳುಹಿಸಿದವರಿಗೂ ಫೋನು ಮಾಡಿ, ಅಳಿಸಲು ಹೇಳಿ.